ಯಾರ ಪೈಕಿ ಅಂತ ಕೇಳದ ಬೇಕರಿ

ಕೆಲಸ ಕೇಳಿಕೊಂಡು ಹೋದರೆ ನಮ್ಮಲ್ಲಿ ಮೊದಲ ಪ್ರಶ್ನೆ 'ಯಾವೂರು?' ಎರಡನೆಯದು 'ಯಾರ ಪೈಕಿ?' ಎಷ್ಟೋ ಹೋಟೆಲುಗಳಲ್ಲಿ ನಮ್ಮ ಹುಡುಗ ಒಲೆ ಮುಂದೆ ನಿಲ್ಲಬೇಕೋ, ಹಿತ್ತಲಲ್ಲಿ ತಟ್ಟೆ ತೊಳೀಬೇಕೋ ಅನ್ನೋದು ಈ ಎರಡನೇ ಉತ್ತರದ ಮೇಲೆ ನಿಂತಿದೆ.

ಅಮೆರಿಕದ ಒಂದು ಬೇಕರಿ ಏನನ್ನೂ ಕೇಳದೆ ಕೆಲಸ ಕೊಟ್ಟು ತೋರಿಸಿದೆ. ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿ ಹೆಸರಾದ ಗ್ರೇಸ್ಟನ್ ಬೇಕರಿಯನ್ನು 1982ರಲ್ಲಿ ಶುರು ಮಾಡಿದವರು ಬರ್ನಿ ಗ್ಲಾಸ್‌ಮನ್ ಎಂಬ ಝೆನ್ ಗುರು. ಜೈಲಿಂದ ಬಂದವರು, ಸೂರಿಲ್ಲದವರು, ಯಾರೇ ಆಗಲಿ ಪಟ್ಟಿಯಲ್ಲಿ ಹೆಸರು ಬರೆಸಿದರೆ ಸಾಕು. ಸಂದರ್ಶನವಿಲ್ಲ, ಹಿಂದಿನದನ್ನು ಕೆದಕುವುದಿಲ್ಲ. ಜಾಗ ಖಾಲಿಯಾದಂತೆ ಸರದಿಯವರಿಗೆ ಕೆಲಸ. ಸಂಬಳದ ಜೊತೆಗೇ ತರಬೇತಿ. ಸೇರಿದ ಮೇಲೆ ಮಾತ್ರ ದುಡಿದೇ ಉಳಿಯಬೇಕು. ಅವರು ಬೇಯಿಸಿದ ಬ್ರೌನಿ ಬೆನ್ ಆಂಡ್ ಜೆರೀಸ್ ಐಸ್‌ಕ್ರೀಮಿಗೂ ಹೋಯಿತು. ತಿಂದವರು ಯಾರೂ ಮೈಲಿಗೆಯಾಗಲಿಲ್ಲ!

ಹೋಟೆಲಿನೊಳಗೆ ಹೋಗಿ ಕೂರುವ ಹಕ್ಕನ್ನು ಸಂವಿಧಾನದ 15ನೇ ವಿಧಿ 1950ರಲ್ಲೇ ಕೊಟ್ಟಿದೆ. ಆದರೆ ಒಳಗೆ ಹಿಟ್ಟು ನಾದುವ ಕೈ ಯಾರದು? ಗಲ್ಲಾದ ಮೇಲೆ ಕೂತವರು ಯಾರು?

ಹಾಸ್ಟೆಲಿನ ಗೆಳೆಯರೇ, ಮುಂದಿನ ಸಲ ಟೀ ಕುಡಿಯಲು ಹೋದಾಗ ಅಡಿಗೆಮನೆ ಕಡೆಗೂ ಒಂದು ಸಲ ನೋಡಿ. ಕೆಲಸ ಯಾರಿಗೆ ಕೊಡ್ತೀರಿ ಅಂತ ಕೇಳಿ. ನಮಗೆ ಬೇಕಾದ್ದು ಯಾರ ಕನಿಕರವೂ ಅಲ್ಲ, ನಮ್ಮ ಸರದಿ.