ದೋಣಿಯ ಬೆನ್ನಿಗೆ ಯಾವ ಹಲಗೆ?

ನಾವು ನಾಲ್ಕು ಸಂಸಾರದವರು ಸೇರಿ ಕೊಂಡ ಹಳೆಯ ಅಲ್ಯೂಮಿನಿಯಂ ದೋಣಿಯನ್ನು ಸಂಘದ ಪಿಕ್ನಿಕ್ಕಿಗೆ ಬಂದವರೆಲ್ಲ ನೋಡಿದ್ದೀರಿ. ಈ ಚಳಿಗಾಲದಲ್ಲಿ ಅದರ ಹಿಂಬದಿಯ ಅಡ್ಡಹಲಗೆಗೆ, ಅಂದರೆ ಇಲ್ಲಿಯವರು ಟ್ರಾನ್ಸಂ ಎನ್ನುವ ಭಾಗಕ್ಕೆ, ಸ್ಕ್ರೂಡ್ರೈವರ್ ಚುಚ್ಚಿದರೆ ಮರ ನೆನೆದ ಅವಲಕ್ಕಿಯಂತೆ ಕಿತ್ತುಬಂತು. ಮೋಟಾರಿನ ಭಾರವನ್ನೂ ಅದು ನೂಕುವ ಬಲವನ್ನೂ ಹೊರುವುದು ಇದೇ ಹಲಗೆ. ಇದು ಬಿಟ್ಟುಕೊಂಡರೆ ಮೋಟಾರು ಸರೋವರದ ಪಾಲು. ಒಳಗೆ ಕುಳಿತ ಮಕ್ಕಳ ಗತಿಯೇನು?

ಕೇಳಿದವರಲ್ಲಿ ಹೆಚ್ಚಿನವರ ಸಲಹೆ ಒಂದೇ: "ಕೊಳೆಯದಂತೆ ಔಷಧಿ ಕುಡಿಸಿದ ಮರ ಹಾಕಿ, ಅಗ್ಗವೂ ಹೌದು." ಈ ಸಲಹೆ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಬರಹ.

ಆ ಔಷಧಿಯ ಜೀವಾಳ ತಾಮ್ರ. ನಮ್ಮ ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ಅದೇ. ಮೈಲುತುತ್ತಕ್ಕೆ ಸುಣ್ಣ ಸಾಲದಾದರೆ ಅದರಲ್ಲಿ ಅದ್ದಿದ ಕತ್ತಿಯ ಅಲಗಿಗೆ ಕೆಂಪು ಹತ್ತುವುದನ್ನು ತೋಟದ ಮನೆಯವರು ಬಲ್ಲರು. ಆ ಕೆಂಪೇ ತಾಮ್ರ. ಅದು ಕೂತಷ್ಟು ಕಬ್ಬಿಣ ಕರಗಿರುತ್ತದೆ. ಅಲ್ಯೂಮಿನಿಯಂ ಇನ್ನೂ ಸುಲಭದ ತುತ್ತು. ಒದ್ದೆ ಮರದಿಂದ ಒಸರಿದ ತಾಮ್ರ ಲೋಹದ ಮೇಲೆ ಕೂತರೆ ಒಂದೊಂದು ಚುಕ್ಕೆಯೂ ಪುಟ್ಟ ಬ್ಯಾಟರಿಯಾಗಿ ತಗಡನ್ನು ತೂತು ಕೊರೆಯುತ್ತದೆ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರದಿಂದ ಆರ್ಸೆನಿಕ್ ಮಿಶ್ರಣವನ್ನು ಕೈಬಿಟ್ಟ ಮೇಲೆ ಅದರ ಜಾಗಕ್ಕೆ ಬಂದ ಔಷಧಿಗಳಲ್ಲಿ ತಾಮ್ರದ ಪಾಲು ಹೆಚ್ಚು, ಅದನ್ನು ಮರದಲ್ಲಿ ಹಿಡಿದಿಡುತ್ತಿದ್ದ ಕ್ರೋಮಿಯಂ ಇಲ್ಲ. ಮರ ಉಳಿಸಲು ಹೋಗಿ ದೋಣಿಯನ್ನೇ ಕಳೆದುಕೊಳ್ಳುವುದೆಂದರೆ ಇಲಿಗೆ ಹೆದರಿ ಮನೆಗೆ ಬೆಂಕಿ ಹಚ್ಚಿದಂತೆ.

ಹಾಗಾದರೆ ಪ್ಲಾಸ್ಟಿಕ್ ಹಲಗೆ? ಅದು ಕೊಳೆಯದು ನಿಜ. ಆದರೆ ಸದಾ ಭಾರ ಹೊತ್ತರೆ ನಿಧಾನವಾಗಿ ಬಾಗುತ್ತದೆ, ಅಂಟೂ ಹಿಡಿಯದು. ಗಾಜಿನ ನಾರು ಸೇರಿಸಿದ ಗಟ್ಟಿ ನೊರೆಯ ಹಲಗೆಗಳು ಉತ್ತಮ. ಆದರೆ ಟ್ರಾನ್ಸಮ್ಮಿಗೆ ದಟ್ಟವಾದ ದರ್ಜೆಯೇ ಬೇಕು, ಬೆಲೆ ಪ್ಲೈವುಡ್ಡಿನ ಹಲವು ಪಟ್ಟು.

ನಮ್ಮ ಮತ ಔಷಧಿಯಿಲ್ಲದ ಮರೈನ್ ಪ್ಲೈವುಡ್ಡಿಗೆ. ಮರೈನ್ ಎಂದಮಾತ್ರಕ್ಕೆ ಅದು ಕೊಳೆಯುವುದಿಲ್ಲ ಎಂದಲ್ಲ. ಅಂಟು ಬಿಡದು, ಒಳಪದರದಲ್ಲಿ ಟೊಳ್ಳು ಇರದು ಎಂದಷ್ಟೇ. ಕಾಪಾಡುವ ಕೆಲಸ ನಮ್ಮದು. ಮುಕ್ಕಾಲು ಅಂಗುಲದ ಎರಡು ಹಾಳೆಗಳನ್ನು ಎಪಾಕ್ಸಿಯಿಂದ ಅಂಟಿಸಿ ಹಳೆಯ ಹಲಗೆಯ ಒಂದೂವರೆ ಅಂಗುಲ ದಪ್ಪಕ್ಕೆ ತರಬೇಕು. ಮೈಗೆಲ್ಲ ಎಪಾಕ್ಸಿ ಬಳಿಯಬೇಕು. ಅಂಚುಗಳು ನೀರು ಕುಡಿಯುವ ಬಾಯಿಗಳಾದ್ದರಿಂದ ಅಲ್ಲಿಗೆ ಮೂರು ಸಲ. ಬೋಲ್ಟಿನ ತೂತುಗಳನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಒಣಗಿದ ಮೇಲೆ ನಡುವೆ ಮತ್ತೆ ಕೊರೆಯಬೇಕು. ಆಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ. ಸ್ಟೇನ್‌ಲೆಸ್ ಬೋಲ್ಟಿನ ಸುತ್ತ ಸೀಲಂಟ್ ಮೆತ್ತಿದರೆ ನೀರಿಗೂ ದಾರಿಯಿಲ್ಲ, ಎರಡು ಲೋಹಗಳ ಜಗಳಕ್ಕೂ ಆಸ್ಪದ ಕಡಿಮೆ.

ನಮ್ಮ ಹಳೆಯ ಹಲಗೆ ಬಿಚ್ಚಿದಾಗ ಕಂಡದ್ದೂ ಇದೇ: ಕೊಳೆತ ಶುರುವಾದದ್ದು ಬೋಲ್ಟುಗಳ ಸುತ್ತ, ದೂರದ ಮೂಲೆಯ ಮರ ಇನ್ನೂ ಗಟ್ಟಿಯಾಗಿತ್ತು. ತಪ್ಪು ಮರದ್ದಲ್ಲ, ಮುಚ್ಚದೆ ಬಿಟ್ಟ ತೂತಿನದು. ಅಂಗಡಿಯಲ್ಲಿ ಕೊಂಡ ಔಷಧಿ ಒಂದು ವಾರಾಂತ್ಯದ ತಾಳ್ಮೆಗೆ ಸಮನಲ್ಲ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಒಪ್ಪುವವರು ಹಳೆಯ ಬಟ್ಟೆ ತೊಟ್ಟು ನಮ್ಮ ಗರಾಜಿಗೆ ಬರಲಿ.