ಬ್ಯಾಟ್ರಿ ಬದ್ಲಿ ಮಾಡೂಕಿಂತ ಮೊದ್ಲ ಮೀಟರ್ ಹಚ್ಚಸ್ರಿ

ಅಕ್ಕೋರೆ, ಈ ಸಲ ಅಡಿಗಿಮನಿ ಸುದ್ದಿ ಅಲ್ಲ, ಅಂಗಳದಾಗ ನಿಂತ ಕಾರಿನ ಸುದ್ದಿ. ‘ಅದು ಗಂಡಸರ ಕೆಲಸ’ ಅಂತ ಬಿಟ್ಟು ಹೋಗಬ್ಯಾಡ್ರಿ. ರೊಕ್ಕ ಹೋಗಿದ್ದು ನನ್ನ ಸಂಘದ ಸಾಲದ್ದು.

ಹ್ವಾದ ಬ್ಯಾಸಗ್ಯಾಗ ನಮ್ಮ ತಂಗಿಗಿ ಬ್ಯಾನಿ ಸುರು ಆಗಿ, ರಾತ್ರಿ ಸುರಪುರದಿಂದ ಯಾದಗಿರಿಗಿ ಹೊಂಟಿದ್ವಿ. ಶಹಾಪುರ ದಾಟಿದ ಮ್ಯಾಲ ಮುಂದಿನ ದೀಪ ಮಂದ ಆಗಕೋತ ಬಂದು, ಗಾಡಿ ನಿಂತೇ ಬಿಡ್ತು. ಹಿಂದ ಬಂದ ಟಂಟಂನವ ಪುಣ್ಯಾತ್ಮ, ಕರ್ಕೊಂಡು ಹ್ವಾದ. ತಾಯಿ, ಕೂಸು ಛಲೋ ಅದಾರ. ಆದ್ರ ನಾಕ ದಿನ ಮೊದಲಷ್ಟೇ 5,000 ರೂಪಾಯಿ ಕೊಟ್ಟು ಹೊಸ ಬ್ಯಾಟ್ರಿ ಹಾಕಿಸಿದ್ವಿ! ‘ಹಳೇದು ಹೋಗ್ಯದ’ ಅಂದವ ಮೀಟರೇ ಹಚ್ಚಿರಲಿಲ್ಲ. ಹೋಗಿದ್ದು ಆಲ್ಟರ್ನೇಟರ್. ಒಳಗಿನ ಬ್ರಷ್ ಸವದಿದ್ವು.

ಬ್ಯಾಟ್ರಿ ಅಂದ್ರ ಮಾಳಿಗಿ ಮ್ಯಾಲಿನ ನೀರಿನ ಟಾಕಿ, ಆಲ್ಟರ್ನೇಟರ್ ಅಂದ್ರ ಬೋರಿನ ಮೋಟಾರ್. ಮೋಟಾರ್ ಸುಟ್ಟಾಗ ಹೊಸ ಟಾಕಿ ಕೂಡಿಸಿದ್ರ ಎಷ್ಟು ದಿನ ನೀರು ಬಂದೀತು? ಗಾಡಿ ನಡಿಯೂಮುಂದ ಬ್ಯಾಟ್ರಿ ಚಿತ್ರದ ಕೆಂಪು ದೀಪ ಹತ್ತಿದ್ರ ‘ಚಾರ್ಜ್ ಆಗವಲ್ದು’ ಅಂತ ಅರ್ಥ. ಚಿತ್ರ ನೋಡಿ ಎಲ್ಲಾರೂ ಬ್ಯಾಟ್ರಿಗೇ ಬೈತಾರ, ನಾನೂ ಬೈದಾಕಿನೇ. ಆವಾಗ ಎಸಿ, ಟೇಪ್ ಬಂದ್ ಮಾಡಿ ಹತ್ತಿರದ ಗ್ಯಾರೇಜ್ ಹಿಡಿರಿ, ಇಂಜಿನ್ ಆರಿಸಬ್ಯಾಡ್ರಿ. ಕಾವಿನ ಮುಳ್ಳು ಮ್ಯಾಲ ಹೊಂಟ್ರ ಮಾತ್ರ ನಿಂದರಸಲೇಬೇಕು. ಬೆಲ್ಟ್ ಹರದಿರ್ತದ, ಭಾಳ ಗಾಡ್ಯಾಗ ಅದೇ ಬೆಲ್ಟ್ ನೀರಿನ ಪಂಪೂ ತಿರಗಸ್ತದ.

ಮೀಟರಿನ ಲೆಕ್ಕ ಹಾಲಿನ ಲೆಕ್ಕಕ್ಕಿಂತ ಸುಲಭ. ರಾತ್ರಿ ಎಲ್ಲಾ ನಿಂತ ಗಾಡಿದು ಮುಂಜಾನಿ 12.6 ವೋಲ್ಟ್ ಹತ್ರ ಇದ್ರ ಬ್ಯಾಟ್ರಿ ತುಂಬ್ಯದ, 12ಕ್ಕಿಂತ ಕೆಳಗಿದ್ರ ಖಾಲಿ ಆಗ್ಯದ. ಇಂಜಿನ್ ಚಾಲೂ ಮಾಡಿದ ಮ್ಯಾಲ 13.8ರಿಂದ 14.5 ಬರಬೇಕು. ಹೊಸ ಮಾದರಿ ಕೆಲವು ಗಾಡ್ಯಾಗ ಕಂಪ್ಯೂಟರ್ ಅದನ್ನ ಹೆಚ್ಚು-ಕಡಿಮಿ ಮಾಡ್ತದ, ಅದು ಬ್ಯಾರೆ ಮಾತು. 12ರಾಗೇ ನಿಂತು ಇಳಕೋತ ಹ್ವಾದ್ರ ಬೆಲ್ಟ್, ವೈರ್, ಆಲ್ಟರ್ನೇಟರ್ ನೋಡಸ್ರಿ. ಟರ್ಮಿನಲ್ ಮ್ಯಾಲ ಬಿಳಿ ಪುಡಿ ಕಟ್ಟಿದ್ರೂ ಕರೆಂಟ್ ಸರಿ ಹೋಗಂಗಿಲ್ಲ. ಇಂಜಿನ್ ಆರಿಸಿ, ಮೈನಸ್ ವೈರ್ ಮೊದಲ ಬಿಚ್ಚಿ, ಅಡಿಗಿ ಸೋಡಾ ಬೆರಸಿದ ಉಗುರುಬೆಚ್ಚನ ನೀರಿಲೆ ತಿಕ್ಕಿದ್ರ ಹೋಗ್ತದ.

ಬ್ಯಾಟ್ರಿ ಹಾಳೇ ಆಗಂಗಿಲ್ಲ ಅನ್ನಲ್ಲ. ನಮ್ಮ ಕಡಿ ಬಿಸಲಿಗಿ ಅದರ ಆಯುಷ್ಯ ಕಡಿಮಿ ಆಗೇ ಆಗ್ತದ. ಬೇವಿನ ಗಿಡದ ನೆರಳಾಗ ನಿಂದರಸ್ರಿ. ಆದ್ರ ಅಳತಿ ನೋಡ್ದೆ ರೊಕ್ಕ ಬಿಚ್ಚಬ್ಯಾಡ್ರಿ. ಯಾರರ ‘ಪರೀಕ್ಷಾ ಮಾಡ್ತೀನಿ’ ಅಂತ ಇಂಜಿನ್ ಚಾಲೂ ಇದ್ದಾಗ ಬ್ಯಾಟ್ರಿ ವೈರ್ ಕಿತ್ತಲಾಕ ಬಂದ್ರ ಕೈ ಹಿಡದು ನಿಂದರಸ್ರಿ. ವೋಲ್ಟೇಜ್ ಜಿಗದು ಇರೂ ಆಲ್ಟರ್ನೇಟರೂ ಹೋಗ್ತದ, ಗಾಡಿ ಕಂಪ್ಯೂಟರೂ ಹೋಗ್ತದ.

‘ನಿಮಗೇನು ತಿಳಿತದ್ರೀ ಅಕ್ಕೋರೆ’ ಅಂತ ಗ್ಯಾರೇಜಿನವ ನಕ್ಕ. ನಗಲಿ. ‘ಮೀಟರ್ ಹಚ್ಚಿ ನಂಬರ್ ತೋರಸಪಾ, ಆಮ್ಯಾಲ ರೊಕ್ಕ’ ಅಂದೆ, ತೋರಿಸಿದ. ಈಗ ನಂದೇ ಒಂದು ಮೀಟರ್ ಅದ, ಮಸಾಲಿ ಡಬ್ಬಿ ಬಾಜೂಕ ಇಟ್ಟೀನಿ. ಬೇಕಾದವರು ಒಯ್ರಿ, ಆದ್ರ ಇಡ್ಲಿ ಪಾತ್ರಿ ಒಯ್ದಂಗ ಒಯ್ದು ಮರಿಬ್ಯಾಡ್ರಿ.