ಧೂಳೋ, ಗೂಡೋ?

ಬೇಸಿಗೆಯಲ್ಲಿ ಬಳ್ಳಾರಿಯ ಕೌಲ್ ಬಜಾರಿನ ಮನೆಗಳ ಗೋಡೆ ರಾತ್ರಿ ಹತ್ತಾದರೂ ಕಾವು ಬಿಡುತ್ತಲೇ ಇರುತ್ತದೆ. ಹೀರಿದ ಬಿಸಿಲನ್ನು ಯಾವ ಗೋಡೆಯೂ ಬಚ್ಚಿಟ್ಟುಕೊಳ್ಳಲಾರದು. ಅನ್ಯಲೋಕದ ಜೀವಿಗಳನ್ನು ಹುಡುಕಲು 1960ರಲ್ಲಿ ಭೌತವಿಜ್ಞಾನಿ ಫ್ರೀಮನ್ ಡೈಸನ್ ತೋರಿಸಿದ ದಾರಿಯೂ ಇದೇ. ಆ ಜೀವಿಗಳು ತಮ್ಮ ನಕ್ಷತ್ರದ ಸುತ್ತ ಗೂಡು ಕಟ್ಟಿ ಬೆಳಕನ್ನೆಲ್ಲ ಬಳಸಿಕೊಂಡರೂ, ಶಾಖ ಅವಕೆಂಪು ಕಿರಣವಾಗಿ ಹೊರಬರಲೇಬೇಕು.

2024ರಲ್ಲಿ ಒಂದು ತಂಡ 50 ಲಕ್ಷ ನಕ್ಷತ್ರಗಳ ದತ್ತಾಂಶ ಜಾಲಾಡಿ, ಲೆಕ್ಕಕ್ಕಿಂತ ಹೆಚ್ಚು ಕಾವಿರುವ ಏಳನ್ನು ಆರಿಸಿತು. ಬೆನ್ನಲ್ಲೇ ಇನ್ನೊಂದು ತಂಡ ಅವುಗಳಲ್ಲಿ ಮೂರರ ಪಕ್ಕದಲ್ಲೇ ರೇಡಿಯೋ ಆಕರಗಳಿರುವುದನ್ನು ತೋರಿಸಿತು. ಬಹಳ ಹಿಂದಿರುವ, ಧೂಳು ತುಂಬಿದ ಗೆಲಾಕ್ಸಿಗಳ ಕಾವು ಈ ನಕ್ಷತ್ರಗಳ ಖಾತೆಗೆ ಜಮೆಯಾಗಿರಬಹುದು. ವಿಚಿತ್ರವಾಗಿ ಮಂಕಾಗುತ್ತಿದ್ದುದರಿಂದ 2015ರಲ್ಲಿ ಗದ್ದಲ ಎಬ್ಬಿಸಿದ ಟ್ಯಾಬಿ ನಕ್ಷತ್ರದ ಕಥೆಯೂ ಧೂಳಿಗೇ ಬಂದು ನಿಂತಿತು. ಹಾಗೆಂದು ಹುಡುಕಾಟವನ್ನು ಹುಚ್ಚು ಎನ್ನಲಾಗದು. ಬೇರೆ ಕೆಲಸಕ್ಕೆಂದು ಕಲೆಹಾಕಿದ ದತ್ತಾಂಶವೇ ಸಾಕಾಗುವುದರಿಂದ ಖರ್ಚು ಕಡಿಮೆ. ಜೀವಿಗಳು ಸಿಗದಿದ್ದರೂ ವಿಚಿತ್ರ ನಕ್ಷತ್ರಗಳಾದರೂ ಸಿಗುತ್ತವೆ. ತೊಡಕಿರುವುದು ಬೇರೆ ಕಡೆ: ಅನ್ಯಜೀವಿ ಎಂಬ ಕಾರಣ ಯಾವ ವಿಚಿತ್ರಕ್ಕೂ ಹೊಂದಿಕೊಂಡುಬಿಡುತ್ತದೆ.

ಹಾಗಾದರೆ ಕಾಣದ ಕಪ್ಪುದ್ರವ್ಯವೆಲ್ಲ ಇಂಥ ಮುಚ್ಚಿದ ನಕ್ಷತ್ರಗಳೇ ಇರಬಾರದೇಕೆ? ಗುರುತ್ವ ಉಂಟು, ಬೆಳಕಿಲ್ಲ, ಕೇಳಲು ಚೆಂದ. ಆದರೆ ಅಷ್ಟೊಂದು ಗೂಡುಗಳಿದ್ದರೆ ಅವುಗಳ ಕಾವು ಆಕಾಶದ ತುಂಬ ಕಾಣಬೇಕಿತ್ತು. ಅಲ್ಲದೆ ವಿಶ್ವದ ಲೆಕ್ಕದಲ್ಲಿ ಸಾಮಾನ್ಯ ದ್ರವ್ಯ ಸುಮಾರು 5%, ಕಪ್ಪುದ್ರವ್ಯ ಸುಮಾರು 27%. ನಕ್ಷತ್ರವಾಗಲಿ ಗೂಡಾಗಲಿ, ಆ ಐದರೊಳಗಿನದೇ. ಇಲ್ಲಿ ತೂಗಿ ನೋಡಲು ಹೆಚ್ಚೇನಿಲ್ಲ.

ತೂಕ ನಿಜಕ್ಕೂ ತೊನೆದಾಡಿದ್ದು ನಮ್ಮದೇ ಕೆರೆಯೊಂದರಲ್ಲಿ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ಎಡ್ಜಸ್ ಆಂಟೆನಾ, ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ನಿನ ಗುರುತನ್ನು 78 ಮೆಗಾಹರ್ಟ್ಸ್‌ನಲ್ಲಿ ರೇಡಿಯೋ ಸಂಕೇತದ ಒಂದು ತಗ್ಗಾಗಿ ಕಂಡಿತು. ಆ ತಗ್ಗು ನಿರೀಕ್ಷೆಗಿಂತ ಎರಡು ಪಟ್ಟು ಆಳವಿತ್ತು. ಕಪ್ಪುದ್ರವ್ಯ ತಗುಲಿ ಹೈಡ್ರೋಜನ್ ತಣಿದಿರಬೇಕು ಎಂದು ಖಗೋಳವಿಜ್ಞಾನಿ ರೆನನ್ ಬರ್ಕಾನಾ ವಾದಿಸಿದರು. ನಿಜವಾಗಿದ್ದರೆ ಕಪ್ಪುದ್ರವ್ಯ ಗುರುತ್ವವಲ್ಲದೆ ಬೇರೆ ರೀತಿಯಲ್ಲೂ ದ್ರವ್ಯವನ್ನು ಮುಟ್ಟುತ್ತದೆ ಎಂಬುದಕ್ಕೆ ಅದು ದೊಡ್ಡ ಸುಳಿವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರ ಆರಂಭದಲ್ಲಿ ತಮ್ಮ ಸರಸ್ 3 ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದಲ್ಲಿ ಮಣ್ಣು, ಕಲ್ಲು, ತೇವದ ಪದರಗಳು ಸಂಕೇತವನ್ನು ಕದಡುತ್ತವೆ. ನೀರು ಒಂದೇ ಸಮ. 2022ರಲ್ಲಿ ಅವರ ಫಲಿತಾಂಶ ಬಂತು: ಆ ತಗ್ಗು ಇಲ್ಲ, 95.3% ಖಾತ್ರಿಯೊಂದಿಗೆ.

ಎಡ್ಜಸ್ ಪರವಾಗಿಯೂ ಹೇಳಬೇಕಾದ್ದಿದೆ. ಆ ತಂಡ ಉಪಕರಣದ ಜೋಡಣೆ ಬದಲಿಸಿ ಪರೀಕ್ಷಿಸಿದ ಮೇಲೆಯೇ ಮಾತಾಡಿತ್ತು. 95.3% ಎಂದರೆ ಇಪ್ಪತ್ತಕ್ಕೊಂದರಷ್ಟು ಸಂದೇಹ ಉಳಿದಿದೆ. ಭೌತವಿಜ್ಞಾನದಲ್ಲಿ ಫೈಲು ಮುಚ್ಚಲು ಅದು ಸಾಲದು. ಆದರೂ ನನ್ನ ಒಲವು ಕೆರೆಯ ಕಡೆಗೇ. ಊರಿನವನೆಂಬ ಅಭಿಮಾನ ಇದರಲ್ಲಿ ಬೆರೆತಿಲ್ಲವೆಂದು ಹೇಳಲಾರೆ. ಆದರೆ ನೆಲದ ಗೊಂದಲವನ್ನೇ ಕಳೆದು ಅಳೆದದ್ದು ಸರಸ್. ಎಡ್ಜಸ್ಸಿನ ಮೇಲಿದ್ದ ಅನುಮಾನಗಳಲ್ಲೊಂದು ನೆಲದ್ದೇ.

ಮರುಪರೀಕ್ಷೆ ಆಗದಿದ್ದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಯಾಗಿ ಕೋಲಾರದ ಚಿನ್ನದ ಗಣಿ ಕೆಜಿಎಫ್ ಇದೆ. 1965ರಲ್ಲಿ ವಾತಾವರಣದ ನ್ಯೂಟ್ರಿನೋ ಕಂಡ ಆ ಗಣಿಯಾಳದಲ್ಲೇ, ಮುಂದಿನ ವರ್ಷಗಳಲ್ಲಿ ಗೊತ್ತಿರುವ ಯಾವ ಕಣದಿಂದಲೂ ವಿವರಿಸಲಾಗದ ಕೆಲವು ಗುರುತುಗಳು ದಾಖಲಾದವು. ಅವು ಕಪ್ಪುದ್ರವ್ಯದ ಕಣಗಳು ಸಿಡಿದದ್ದಿರಬಹುದೇ ಎಂದು ಭೌತವಿಜ್ಞಾನಿಗಳಾದ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ದಶಕಗಳ ನಂತರ ಕೇಳಿದರು. ಅಷ್ಟರಲ್ಲಿ ಗಣಿ ಮುಚ್ಚಿಹೋಗಿತ್ತು.